ಕ್ರೆಟಾದ ಸಸ್ಪೆನ್ಷನ್ ಎರಡು ಇಂಚು ತಗ್ಗಿಸಬಹುದೇ?

ನಮಸ್ಕಾರ. ನಿಮ್ಮದು 2020ರ ಕ್ರೆಟಾ, ಅರವತ್ತೆಂಟು ಸಾವಿರ ಕಿಲೋಮೀಟರ್ ಓಡಿದೆ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಓಲಾಡುತ್ತದೆ, ಚಕ್ರಕ್ಕೂ ಫೆಂಡರಿಗೂ ನಡುವಿನ ಖಾಲಿ ಜಾಗ ಕಣ್ಣಿಗೆ ಹಿತವಾಗಿಲ್ಲ, ಹಾಗಾಗಿ ಎರಡು ಇಂಚು ತಗ್ಗಿಸಬೇಕೆಂದಿದ್ದೀರಿ. ಗ್ಯಾರೇಜಿನವರು ಮೂಲ ಸ್ಪ್ರಿಂಗನ್ನೇ ಕತ್ತರಿಸಿ ಕೂರಿಸಿಕೊಡುತ್ತೇವೆ ಎಂದಿರುವುದರಿಂದ, ಮಾಡಿಸಬಹುದೇ ಎಂದು ಕೇಳಿದ್ದೀರಿ. ನಾನು ಹಾಸನದಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಸ್ಪೆನ್ಷನ್ (ಗಾಡಿಯ ಮೈಯನ್ನು ಚಕ್ರಗಳ ಮೇಲೆ ಹೊರುವ ಸ್ಪ್ರಿಂಗ್, ಶಾಕ್‌ಗಳ ಜೋಡಣೆ) ಮತ್ತು ವ್ಹೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ) ಕೆಲಸ ಮಾಡುತ್ತಿದ್ದೇನೆ. ದಯವಿಟ್ಟು ಸ್ಪ್ರಿಂಗ್ ಕತ್ತರಿಸಲು ಬಿಡಬೇಡಿ. ಹೊಸ ಸ್ಪ್ರಿಂಗ್ ಹಾಕಿಸಿದರೂ ಎರಡು ಇಂಚು ನಿಮ್ಮ ಗಾಡಿಗೆ ಹೆಚ್ಚಾಯಿತು.

ಮೊದಲಿಗೆ ನಿಮ್ಮ ದೂರನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ತಿರುವಿನಲ್ಲಿ ಗಾಡಿ ಒಂದು ಕಡೆಗೆ ವಾಲಿ, ತಿರುವು ಮುಗಿಯುವವರೆಗೆ ಹಾಗೆಯೇ ನಿಲ್ಲುವುದು ಬೇರೆ. ವಾಲಿದ್ದು ನೇರವಾದ ಮೇಲೂ ಒಂದೆರಡು ಸಲ ಆ ಕಡೆ ಈ ಕಡೆ ತೂಗುವುದು ಬೇರೆ. ಮೊದಲನೆಯದನ್ನು ನಿರ್ಧರಿಸುವುದು ಸ್ಪ್ರಿಂಗಿನ ಬಿಗಿ, ಎಡಬಲದ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರ್ ಮತ್ತು ಗಾಡಿಯ ಎತ್ತರ. ಎರಡನೆಯದನ್ನು ಹಿಡಿದು ನಿಲ್ಲಿಸಬೇಕಾದದ್ದು ಶಾಕ್ ಅಬ್ಸಾರ್ಬರ್. ನೀವು ಬರೆದಿರುವುದನ್ನು ಓದಿದರೆ ನಿಮ್ಮದು ಎರಡನೆಯದು ಎಂದೇ ನನಗೆ ತೋರುತ್ತದೆ. ನಮ್ಮ ರಸ್ತೆಗಳಲ್ಲಿ ಅರವತ್ತೆಂಟು ಸಾವಿರ ಓಡಿದ ಶಾಕ್‌ಗಳು ಹೊರಗಿನಿಂದ ಎಣ್ಣೆ ಸೋರದಿದ್ದರೂ ಒಳಗೆ ಸಡಿಲವಾಗಿರುವುದು ತೀರ ಸಾಮಾನ್ಯ, ಜೊತೆಗೆ ಆ ಬಾರನ್ನು ಹಿಡಿದಿರುವ ಸ್ಟೆಬಿಲೈಸರ್ ಲಿಂಕ್ ಮತ್ತು ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಜೋಡಿಸುವ ತೋಳು) ಬುಷ್‌ಗಳೂ, ಅಂದರೆ ಕೀಲಿನ ರಬ್ಬರ್‌ಗಳೂ, ಅಷ್ಟರಲ್ಲಿ ಸವೆದಿರುತ್ತವೆ. ಇವುಗಳನ್ನು ಬದಲಿಸದೆ ಗಾಡಿಯನ್ನು ಎಷ್ಟು ತಗ್ಗಿಸಿದರೂ ಓಲಾಟ ಉಳಿಯುತ್ತದೆ.

ತಗ್ಗಿಸಿದರೆ ವಾಲುವುದು ತಾನಾಗಿಯೇ ಕಡಿಮೆಯಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ, ಅದು ಅರ್ಧ ಮಾತ್ರ ನಿಜ. ಗಾಡಿಯ ಗುರುತ್ವ ಕೇಂದ್ರ ನೆಲದಿಂದ ಸುಮಾರು 650 ಮಿಲಿಮೀಟರ್ ಎತ್ತರದಲ್ಲಿದೆ ಎಂದು ಇಟ್ಟುಕೊಳ್ಳೋಣ. ಮೂವತ್ತು ಮಿಲಿಮೀಟರ್ ಇಳಿಸಿದಾಗ ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ವರ್ಗವಾಗುವ ಭಾರ ಕಡಿಮೆಯಾಗುವುದು ಶೇಕಡಾ 5ಕ್ಕಿಂತಲೂ ಕಡಿಮೆ. ಗಾಡಿ ಮಗುಚುವ ಅಪಾಯ ಅಷ್ಟರ ಮಟ್ಟಿಗೆ ತಗ್ಗುತ್ತದೆ, ಅದು ಒಳ್ಳೆಯದೇ. ಆದರೆ ಕ್ರೆಟಾದ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿರುವ ಜೋಡಣೆ. ಈ ಜೋಡಣೆಯಲ್ಲಿ ಲೋವರ್ ಆರ್ಮಿನ ಓರೆಯು ಬದಲಾದಂತೆ, ಗಾಡಿಯ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದುವೂ ಕೆಳಗಿಳಿಯುತ್ತದೆ, ಅದೂ ಗಾಡಿಯ ಮೈ ಇಳಿದದ್ದಕ್ಕಿಂತ ಹೆಚ್ಚು ಇಳಿಯುತ್ತದೆ. ಹೀಗಾಗಿ ಭಾರಕ್ಕೂ ಆ ಬಿಂದುವಿಗೂ ನಡುವಿನ ಅಂತರ ಬೆಳೆದು, ವಾಲಿಸುವ ಬಲವು ಮುಂಭಾಗದಲ್ಲಿ ಹೆಚ್ಚುತ್ತದೆ. ತಗ್ಗಿಸಿದ ಗಾಡಿ ಕಡಿಮೆ ವಾಲುತ್ತದೆ ಎಂದು ಅನುಭವಕ್ಕೆ ಬರುವುದು ಬಹುಮಟ್ಟಿಗೆ ಆ ಸ್ಪ್ರಿಂಗ್‌ಗಳು ಬಿಗಿಯಾಗಿರುವುದರಿಂದಲೇ ಹೊರತು ಎತ್ತರ ಕಡಿಮೆಯಾದದ್ದರಿಂದಲ್ಲ.

ಬಿಗಿ ಏಕೆ ಬೇಕೆಂಬುದೇ ಇಡೀ ವಿಷಯದ ತಿರುಳು. ಚಕ್ರವು ಮೇಲಕ್ಕೆ ಚಲಿಸಿ ಬಂಪ್ ಸ್ಟಾಪರಿಗೆ (ಚಲನೆಯ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡು) ತಾಗುವವರೆಗಿನ ಜಾಗವೇ ನಿಮ್ಮ ಆಸ್ತಿ, ಗಾಡಿ ತಗ್ಗಿಸುವುದೆಂದರೆ ಆ ಆಸ್ತಿಯನ್ನು ಮಾರುವುದು. ಉದಾಹರಣೆಗೆ ಆ ಜಾಗ 80 ಮಿಲಿಮೀಟರ್ ಇದ್ದು, ನೀವು 30 ಮಿಲಿಮೀಟರ್ ತಗ್ಗಿಸಿದರೆ ಉಳಿಯುವುದು 50. ಅದೇ ಗುಂಡಿಯ ಹೊಡೆತವನ್ನು 80ರ ಬದಲು 50ರಲ್ಲಿ ನುಂಗಬೇಕಾದರೆ ಸ್ಪ್ರಿಂಗ್ ಲೆಕ್ಕದ ಪ್ರಕಾರ ಎರಡೂವರೆ ಪಟ್ಟು ಬಿಗಿಯಾಗಿರಬೇಕು. ಅಷ್ಟು ಬಿಗಿ ಮಾಡಿದರೆ ಒಳಗೆ ಕೂರಲಾಗದು, ಮಾಡದಿದ್ದರೆ ಐದು ಜನ ಮತ್ತು ಲಗೇಜ್ ತುಂಬಿದ ದಿನ ಹಿಂಭಾಗ ಪ್ರತಿ ಹಂಪಿನಲ್ಲೂ ಸ್ಟಾಪರಿಗೆ ಬಡಿಯುತ್ತದೆ. ಎರಡು ಇಂಚು, ಅಂದರೆ 50 ಮಿಲಿಮೀಟರ್ ಇಳಿಸಿದವರಿಗೆ ಈ ಲೆಕ್ಕದಲ್ಲಿ ಉಳಿಯುವ ಜಾಗ ಬರೀ 30.

ನೆಲದಿಂದ ಇರುವ ಅಂತರವನ್ನೂ ಗಮನಿಸಿ. ನಿಮ್ಮ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ 190 ಮಿಲಿಮೀಟರ್, ವ್ಹೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2610. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸಿರುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರುತ್ತದೆ; ಅಂಥ ಹಂಪಿನ ನಡುಮಧ್ಯೆ ನಿಮ್ಮ ಗಾಡಿ ನಿಂತಾಗ ಚಕ್ರಗಳ ಮಟ್ಟಕ್ಕಿಂತ ಹಂಪಿನ ನೆತ್ತಿ ಎತ್ತರವಿರುವುದು ಸುಮಾರು 5 ಸೆಂಟಿಮೀಟರ್ ಮಾತ್ರ, ಆದ್ದರಿಂದ ತಗ್ಗಿಸಿದ ಗಾಡಿಯೂ ದಾಟುತ್ತದೆ. ತೊಂದರೆಯಿರುವುದು ಊರೂರಿನಲ್ಲಿ ಜನರೇ ಡಾಂಬರು ಸುರಿದು ಕಟ್ಟಿದ, ಒಂದು ಮೀಟರ್ ಅಗಲದ ಚೂಪು ಹಂಪ್‌ಗಳಲ್ಲಿ. ಅಲ್ಲಿ ಹಂಪಿನ ಪೂರ್ತಿ ಎತ್ತರ ಗಾಡಿಯ ಹೊಟ್ಟೆಯ ಕೆಳಗೆ ಬರುತ್ತದೆ, ಎರಡು ಇಂಚು ತಗ್ಗಿಸಿ ಜನ ತುಂಬಿದ ಗಾಡಿಗೆ 140 ಮಿಲಿಮೀಟರ್ ಕೂಡ ಉಳಿದಿರುವುದಿಲ್ಲ.

ಇನ್ನು ಕತ್ತರಿಸುವ ವಿಚಾರ. ಆರು ಸುರುಳಿ ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದನ್ನು ತೆಗೆದರೆ ಬಿಗಿ ಶೇಕಡಾ 20ರಷ್ಟು ಹೆಚ್ಚುತ್ತದೆ ಎಂಬುದು ನಿಜ, ಕತ್ತರಿಸುವವರು ತಮ್ಮ ಪರವಾಗಿ ಹೇಳುವ ಮಾತೂ ಅದೇ. ಅವರು ಹೇಳದಿರುವುದು ಎರಡಿದೆ. ಸ್ಪ್ರಿಂಗಿನ ತುದಿ ಅದರ ಸೀಟಿಗೆ ಹೊಂದುವಂತೆ ರೂಪಿಸಲಾಗಿರುತ್ತದೆ, ಕತ್ತರಿಸಿದ ಕೊನೆ ಸರಿಯಾಗಿ ಕೂರುವುದಿಲ್ಲ. ಗ್ಯಾಸ್ ಕಟರಿನಿಂದ ಕತ್ತರಿಸಿದರೆ ಆ ಬಿಸಿಗೆ ಉಕ್ಕಿನ ಹದವೇ ಕೆಡುತ್ತದೆ. ಎರಡನೆಯದಾಗಿ, ಸ್ಪ್ರಿಂಗ್ ಗಿಡ್ಡವಾಯಿತು, ಶಾಕ್ ಮಾತ್ರ ಹಳೆಯ ಉದ್ದಕ್ಕೇ ಚಾಚಿಕೊಳ್ಳುತ್ತದೆ. ಕ್ರೆಟಾದ ಹಿಂಭಾಗ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ) ಆಗಿದ್ದು, ಸ್ಪ್ರಿಂಗ್ ಮತ್ತು ಶಾಕ್ ಬೇರೆ ಬೇರೆ ಕೂತಿರುತ್ತವೆ, ಹಾಗಾಗಿ ಚಕ್ರ ಇಳಿಬಿದ್ದಾಗ ಗಿಡ್ಡ ಸ್ಪ್ರಿಂಗನ್ನು ಹಿಡಿದಿಡುವುದು ಏನೂ ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಜೋಡಣೆಯ ಒಂದು ಗಾಡಿಯನ್ನು, ಬೇರೆ ಗ್ಯಾರೇಜಿನಲ್ಲಿ ಒಂದೂವರೆ ಸುರುಳಿ ಕತ್ತರಿಸಿಕೊಂಡು, ಹಂಪಿನಲ್ಲಿ ಟಕ್ ಎಂದು ಸದ್ದು ಬರುತ್ತದೆಂದು ನನ್ನಲ್ಲಿಗೆ ತಂದಿದ್ದರು. ಲಿಫ್ಟಿಗೆ ಏರಿಸಿದೆ, ಚಕ್ರ ಇಳಿಬಿದ್ದ ಕೂಡಲೇ ಹಿಂದಿನ ಸ್ಪ್ರಿಂಗ್ ಸಡಿಲವಾಗಿ, ಒಂದೇ ಕೈಯಲ್ಲಿ ಎಳೆದು ತೆಗೆಯಲು ಬಂತು. ಆ ಗಾಡಿಯಲ್ಲಿ ಇಬ್ಬರು ಮಕ್ಕಳು ದಿನವೂ ಶಾಲೆಗೆ ಹೋಗುತ್ತಿದ್ದರು. ಅಂದಿನಿಂದ ಕತ್ತರಿಸಿದ ಸ್ಪ್ರಿಂಗ್ ಇರುವ ಗಾಡಿಗೆ ಅಲೈನ್‌ಮೆಂಟ್ ಮಾಡಿಕೊಡಲು ನಾನು ಒಪ್ಪುವುದಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದ್ದರಿಂದ ಏನೇ ಮಾಡಿಸುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಲಿಖಿತವಾಗಿ ಕೇಳಿಕೊಳ್ಳಿ.

ನನ್ನ ಗಾಡಿಯಾಗಿದ್ದರೆ ನಾನು ನಾಲ್ಕೂ ಶಾಕ್‌ಗಳನ್ನು, ಸ್ಟೆಬಿಲೈಸರ್ ಲಿಂಕ್‌ಗಳನ್ನು, ಸವೆದಿರುವ ಬುಷ್‌ಗಳನ್ನು ಕಂಪನಿಯ ಅಳತೆಯವೇ ಹಾಕಿಸಿ, ಟೈರಿನ ಗಾಳಿಯನ್ನು ಬಾಗಿಲ ಬಳಿಯ ಪಟ್ಟಿಯಲ್ಲಿ ಬರೆದಿರುವಷ್ಟಕ್ಕೆ ತುಂಬಿಸಿ, ಒಂದು ತಿಂಗಳು ಅದೇ ಘಾಟಿಯಲ್ಲಿ ಓಡಿಸಿ ನೋಡುತ್ತಿದ್ದೆ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಆಮೇಲೂ ತಗ್ಗಿಸಬೇಕೆನಿಸಿದರೆ, ಮತ್ತು ಅನುಮತಿಯ ವಿಷಯ ಇತ್ಯರ್ಥವಾಗಿದ್ದರೆ, ನಿಮ್ಮ ಮಾಡೆಲಿಗೆಂದೇ ತಯಾರಿಸಿದ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಎರಡನ್ನೂ ಒಟ್ಟಿಗೆ ತನ್ನಿ, 25 ಮಿಲಿಮೀಟರಿಗಿಂತ ಹೆಚ್ಚು ಇಳಿಸಬೇಡಿ.

ಜೋಡಿಸುವವರಿಗೆ ಒಂದು ಮಾತು ಮೊದಲೇ ಹೇಳಿ: ಲೋವರ್ ಆರ್ಮ್ ಮತ್ತು ಹಿಂದಿನ ಬೀಮಿನ ಬುಷ್ ಬೋಲ್ಟ್‌ಗಳನ್ನು ಗಾಡಿ ಲಿಫ್ಟಿನಲ್ಲಿ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು, ಚಕ್ರಗಳ ಮೇಲೆ ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆ ದಿನವೇ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟಿನ ಮಟ್ಟ ಸರಿಪಡಿಸಿಕೊಳ್ಳಿ. ಹೊಸ ಸ್ಪ್ರಿಂಗ್‌ಗಳು ಐನೂರು ಕಿಲೋಮೀಟರಿನಲ್ಲಿ ಇನ್ನೂ ಕೆಲವು ಮಿಲಿಮೀಟರ್ ಕೂರುತ್ತವೆ, ಆಗ ಮತ್ತೊಮ್ಮೆ ಅಲೈನ್‌ಮೆಂಟ್ ನೋಡಿಸಿ.