ಕಟ್ಟಂಚಾಯದ ಬಣ್ಣದ ಮೂತ್ರ

ಬದಿಯಡ್ಕ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: "ಏಳು ವರ್ಷದ ಮಗನಿಗೆ ಮಳೆಗಾಲದಲ್ಲಿ ಕಾಲಿಗೆ ಕಜ್ಜಿ ಆಗಿತ್ತು. ಒಣಗಿ ಮೂರು ವಾರಕ್ಕೆ ಮುಖ ಊದಿತು. ಚಡ್ಡಿಯ ಇಲಾಸ್ಟಿಕ್ ಗುರುತು ಹೊಟ್ಟೆ ಮೇಲೆ ಆಳವಾಗಿ ಬಿದ್ದಿತ್ತು. ಮೂತ್ರ ಕಟ್ಟಂಚಾಯದ (ಹಾಲು ಹಾಕದ ಕಪ್ಪು ಚಹಾ) ಹಾಗೆ. ಕಾಮಾಲೆ ಅಂತ ನಾಲ್ಕು ದಿನ ಸೊಪ್ಪಿನ ರಸ, ಬೊಂಡ (ಎಳನೀರು) ಕೊಟ್ಟೆವು. ಮಂಗಳೂರಿನಲ್ಲಿ ನೋಡಿದರೆ ಕಿಡ್ನಿ ಉರಿಯೂತವಂತೆ. ರಕ್ತಕಣವೂ ಒಡೆಯುತ್ತಿದೆ, ಪ್ಲೇಟ್‌ಲೆಟ್ಟೂ ಕಡಿಮೆ. ಒಂದೇ ಮಗುವಿಗೆ ಎರಡು ಕಾಯಿಲೆಯೇ? ನನ್ನಿಂದ ತಡವಾಗಿ ಹೀಗಾಯಿತೇ?"

ಅಮ್ಮಾ, ಕೊನೆಯ ಪ್ರಶ್ನೆಗೇ ಮೊದಲು ಉತ್ತರ. ಕಾಯಿಲೆ ನಿಮ್ಮಿಂದ ಬಂದದ್ದಲ್ಲ. ಕಣ್ಣು ಸ್ವಲ್ಪ ಹಳದಿ, ಮೂತ್ರ ಕಂದು ಅಂದರೆ ನಮ್ಮೂರಲ್ಲಿ ಯಾರಿಗಾದರೂ ಕಾಮಾಲೆಯೇ ನೆನಪಾಗುವುದು. ರಕ್ತಕಣ ಒಡೆದರೂ ಕಣ್ಣು ಹಳದಿಯಾಗುತ್ತದೆ, ಅಲ್ವಾ?

ಕಜ್ಜಿಯಲ್ಲಿರುವ ಸ್ಟ್ರೆಪ್ಟೊಕಾಕಸ್ ರೋಗಾಣುವಿನ ಮೇಲೆ ದೇಹ ಯುದ್ಧ ಮಾಡುತ್ತದೆ. ಆ ಯುದ್ಧದ ಕಸ ಕಿಡ್ನಿಯ ಸೋಸುವ ಜಾಲರಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಜಾಲರಿಗಳಿವೆ. ಅವು ಊದಿಕೊಂಡಾಗ ರಕ್ತ ಮೂತ್ರಕ್ಕೆ ಸೋರುತ್ತದೆ, ನೀರು ಮೈಯಲ್ಲೇ ಉಳಿಯುತ್ತದೆ, ಬಿಪಿ ಏರುತ್ತದೆ. ಗಂಟಲು ನೋವಾದರೆ ಇದು ಒಂದೆರಡು ವಾರಕ್ಕೆ ಬರುತ್ತದೆ, ಕಜ್ಜಿಯಾದರೆ ಮೂರರಿಂದ ಆರು ವಾರಕ್ಕೆ. ಅಪರೂಪಕ್ಕೆ ಅದೇ ಸೈನ್ಯ ದಾರಿ ತಪ್ಪಿ ಸ್ವಂತ ರಕ್ತಕಣಗಳ ಮೇಲೂ ಬೀಳುತ್ತದೆ. ಹಾಗಾದರೆ ಎರಡಕ್ಕೂ ಬೇರು ಒಂದೇ.

ಆದರೆ ಡಾಕ್ಟರು ಸುಮ್ನೆ ಅಷ್ಟಕ್ಕೇ ಬಿಡುವುದಿಲ್ಲ, ಬಿಡಲೂ ಬಾರದು. ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ಅಂಗಗಳ ಮೇಲೇ ಬೀಳುವ ಲೂಪಸ್ ಎಂಬ ಕಾಯಿಲೆಯಲ್ಲೂ ಕಿಡ್ನಿ, ರಕ್ತ ಒಟ್ಟಿಗೇ ಕೆಡುತ್ತವೆ. ರಕ್ತಭೇದಿಯ ನಂತರ ಬರುವ ಇನ್ನೊಂದು ಕಾಯಿಲೆಯಲ್ಲೂ ಹಾಗೆಯೇ. ಅದರಲ್ಲಿ ಒಡೆದ ಕಣಗಳ ಚೂರುಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಅಷ್ಟೊಂದು ಟೆಸ್ಟ್ ಯಾಕೆ ಅಂತ ದಯವಿಟ್ಟು ಬೇಸರಿಸಬೇಡಿ.

ಸೊಪ್ಪಿನ ರಸ, ಬೊಂಡ ಈಗಲೇ ನಿಲ್ಲಿಸಿ. ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ. ಮೂತ್ರ ಕಡಿಮೆಯಾದ ಮಗುವಿನಲ್ಲಿ ಅದು ಹೊರಗೆ ಹೋಗದೆ ಹೃದಯದ ಬಡಿತವನ್ನೇ ಕೆಡಿಸಬಹುದು. ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ, ಹಪ್ಪಳ ಬೇಡವೇ ಬೇಡ. ತಲೆನೋವು, ವಾಂತಿ, ಫಿಟ್ಸ್ ಬಂದರೆ ರಾತ್ರಿಯಾದರೂ ಹೊರಡಿ.

ಕಜ್ಜಿಯಿಂದ ಬಂದ ಉರಿಯೂತ ಹೆಚ್ಚಿನ ಮಕ್ಕಳಲ್ಲಿ ಪೂರ್ತಿ ವಾಸಿಯಾಗುತ್ತದೆ. ಈ ಕಾಯಿಲೆಯಲ್ಲಿ ತಗ್ಗುವ, ರಕ್ತದಲ್ಲಿರುವ ಸಿ3 ಎಂಬ ರಕ್ಷಣಾ ಪ್ರೋಟೀನ್ ಆರರಿಂದ ಎಂಟು ವಾರದಲ್ಲಿ ಸರಿಹೋಗಬೇಕು. ಹೋಗದಿದ್ದರೆ ಕಾರಣ ಬೇರೆ ಹುಡುಕಬೇಕು. ಮಗ ಆಗಲೇ ಶಾಲೆಗೆ ಹೋಗುತ್ತಿರುತ್ತಾನೆ, ಮತ್ತೆ ಮಂಗಳೂರು ಯಾಕೆ ಅಂತ ಮನೆಯವರು ಹೇಳಿಯಾರು. ಸಿ3 ಮತ್ತೆ ಪರೀಕ್ಷಿಸುವ ಆ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ರಿಪೋರ್ಟ್ ಬಂದ ಮೇಲೆ ನಮಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇವೆ.

– ಸಂ.