ಸೂಪರ್‌ಚಾರ್ಜರ್ ಹಾಕಿಸಿದ ಕಾರು ಘಾಟ್ ಏರುವಾಗ ಟಕಟಕ ಅನ್ನುತ್ತೆ, ಟೈಮಿಂಗ್ ಇಳಿಸಿದರೆ ಸಾಕಾ?

ಟೈಮಿಂಗ್ ಇಳಿಸೋದು, ಅಂದರೆ ಪ್ಲಗ್‌ನ ಕಿಡಿಯನ್ನು ತಡ ಮಾಡೋದು, ಒಂದೇ ಸಾಕಾಗಲ್ಲ. 1.6 ಲೀಟರ್ ಎಂಜಿನ್, 10:1 ಕಂಪ್ರೆಷನ್, ಸೂಪರ್‌ಚಾರ್ಜರ್‌ಗೆ ಚಿಕ್ಕ ಪುಲ್ಲಿ ಹಾಕಿಸಿ ಬೂಸ್ಟ್ (ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) 6ರಿಂದ 9 ಪಿಎಸ್‌ಐಗೆ ಏರಿಸಿದ್ದೀರಿ. ಪುಣೆಯೊಳಗೆ ಸದ್ದಿಲ್ಲ, ಊರಿಗೆ ಹೊರಟಾಗ ಖಂಬಾಟ್ಕಿ ಘಾಟ್‌ನಲ್ಲಿ ಮಾತ್ರ ಬರುತ್ತೆ ಅಂತೀರಿ. ನನ್ನ ಅನುಮಾನ ಬಿಸಿಗಾಳಿಯ ಮೇಲೆ.

ಆ ಸದ್ದು ನಿಜವಾಗಿ ನಾಕಿಂಗೇ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗೇ ಹೊತ್ತಿ ಸಿಡಿಯುವುದು) ಅಂತ ಖಾತ್ರಿ ಮಾಡಿಕೊಳ್ಳಿ. ಟ್ಯಾಂಕ್ ಬಹುತೇಕ ಖಾಲಿಯಾದಾಗ ಎಕ್ಸ್‌ಪಿ100 (100 ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಶಕ್ತಿ ಹೆಚ್ಚಿರುವ ಪೆಟ್ರೋಲ್) ಹಾಕಿಸಿ, ಅದೇ ಏರು, ಅದೇ ಗೇರ್‌ನಲ್ಲಿ ಹತ್ತಿಸಿ. ಸದ್ದು ಬಂದರೆ ತಕ್ಷಣ ಕಾಲು ತೆಗೆಯಿರಿ. ಒಂಚೂರೂ ವ್ಯತ್ಯಾಸ ಕಾಣದಿದ್ದರೆ ಸದ್ದು ಬೇರೆ ಕಡೆಯದಿರಬಹುದು, ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್, ಬೆಲ್ಟ್ ಟೆನ್ಷನರ್ ಅಲ್ಲಾಡಿಸಿ ನೋಡಿ. ಪ್ಲಗ್ ಬಿಚ್ಚಿ ಟಾರ್ಚ್ ಬೆಳಕಲ್ಲಿ ಭೂತಗನ್ನಡಿ ಹಿಡಿಯಿರಿ. ಬಿಳಿ ಪಿಂಗಾಣಿ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ ಇದ್ದರೆ ನಾಕಿಂಗ್ ಶುರುವಾಗಿದೆ. ಹೊಳೆಯುವ ಅಲ್ಯೂಮಿನಿಯಂ ಕಣ ಕಂಡರೆ ಅದು ಪಿಸ್ಟನ್‌ನಿಂದ ಬಂದಿದ್ದು, ಗಾಡಿ ಓಡಿಸಲೇಬೇಡಿ.

ಆಮೇಲೆ ಎಂಜಿನ್ ಕಂಪ್ಯೂಟರ್‌ನಿಂದ ಲಾಗ್ (ಓಡುವಾಗಿನ ದಾಖಲೆ) ತೆಗೆಸಿ: ಆರ್‌ಪಿಎಂ, ಬೂಸ್ಟ್, ಇನ್‌ಟೇಕ್ ಗಾಳಿಯ ತಾಪ, ಲ್ಯಾಂಬ್ಡಾ (ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ; 1ಕ್ಕಿಂತ ಕಮ್ಮಿ ಅಂದರೆ ಪೆಟ್ರೋಲ್ ಜಾಸ್ತಿ), ಟೈಮಿಂಗ್, ನಾಕ್ ರಿಟಾರ್ಡ್ (ನಾಕಿಂಗ್ ಕಂಡು ಕಂಪ್ಯೂಟರ್ ತಾನೇ ಟೈಮಿಂಗ್ ಇಳಿಸಿದ್ದು). ಒಂದೇ ಸಿಲಿಂಡರ್‌ನಲ್ಲಿ ರಿಟಾರ್ಡ್ ಆಗುತ್ತಿದ್ದರೆ ಅದರ ಇಂಜೆಕ್ಟರ್, ಪ್ಲಗ್ ನೋಡಿ. ನಾಲ್ಕರಲ್ಲೂ ಇದ್ದರೆ ತಾಪ, ಪೆಟ್ರೋಲ್ ಇಲ್ಲವೇ ಮ್ಯಾಪ್ (ಪೆಟ್ರೋಲ್, ಟೈಮಿಂಗ್ ಎಷ್ಟೆಂದು ಕಂಪ್ಯೂಟರ್‌ಗೆ ಹೇಳುವ ಪಟ್ಟಿ) ಕಾರಣ.

ಪುಲ್ಲಿ ಚಿಕ್ಕದಾದಷ್ಟೂ ಸೂಪರ್‌ಚಾರ್ಜರ್ ಜೋರಾಗಿ ತಿರುಗಿ ಗಾಳಿಯನ್ನು ಕಾಯಿಸುತ್ತೆ. ಘಾಟ್‌ನಲ್ಲಿ ಲೋಡ್ ಹೆಚ್ಚು, ವೇಗ ಕಮ್ಮಿ, ಮುಂದಿನಿಂದ ತಂಪು ಗಾಳಿಯೂ ಸಾಲದು. ಇನ್‌ಟೇಕ್ ತಾಪ 60 ಡಿಗ್ರಿ ದಾಟಿದರೆ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೇ ಕೈ ಹಾಕಿ. ನೀರಿನ ಇಂಟರ್‌ಕೂಲರ್ ಆದರೆ ಎಂಜಿನ್ ತಣ್ಣಗಿರುವಾಗ ಅದರ ಡಬ್ಬಿಯ ಮುಚ್ಚಳ ತೆಗೆದು, ಪಂಪ್ ಚಾಲೂ ಮಾಡಿ ನೋಡಿ, ನೀರು ಸುಳಿಯುತ್ತಿರಬೇಕು. ಪಂಪ್ ಗುಂಯ್‌ಗುಟ್ಟಿದರೂ ಏರ್ ಹಿಡಿದು ನೀರು ಹರಿಯದೇ ಇರುವುದುಂಟು.

ಪೂರ್ತಿ ಬೂಸ್ಟ್‌ನಲ್ಲಿ ಲ್ಯಾಂಬ್ಡಾ 0.78–0.82 ಇರಲಿ. ಆರ್‌ಪಿಎಂ ಏರಿದಂತೆ ಇದೂ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಪೆಟ್ರೋಲ್ ಪ್ರೆಷರ್ ಹತೋಟಿಯಲ್ಲಿಡುವ ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಪೈಪ್ ಜೋಡಿಸಿದ್ದರೆ, 3 ಬಾರ್ ಇರುವ ಪೆಟ್ರೋಲ್ ಪ್ರೆಷರ್ 9 ಪಿಎಸ್‌ಐ ಬೂಸ್ಟ್‌ನಲ್ಲಿ ಸುಮಾರು 3.6 ಬಾರ್ ಆಗಬೇಕು. ಆಗದಿದ್ದರೆ ಪಂಪ್ ಅಥವಾ ಫಿಲ್ಟರ್. ಮ್ಯಾಪ್ ಇ20 (20% ಎಥನಾಲ್ ಬೆರೆತ ಪೆಟ್ರೋಲ್) ಬರುವ ಮುಂಚಿನದಾ? ಎಥನಾಲ್‌ಗೆ ಹೆಚ್ಚು ಇಂಧನ ಬೇಕು, ಹಾಗಾಗಿ ಹಳೇ ಮ್ಯಾಪ್‌ನಲ್ಲಿ ಮಿಶ್ರಣ ಲೀನ್ (ಇಂಧನ ಕಮ್ಮಿ) ಆಗುತ್ತೆ. ಮೀಟರ್‌ನಲ್ಲಿ ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ನೋಡಬೇಡಿ, ಲ್ಯಾಂಬ್ಡಾನೇ ನೋಡಿ.

ಟೈಮಿಂಗ್ ಕೊನೆಗೆ: ಬೂಸ್ಟ್ ಇರುವ ಜಾಗದಲ್ಲಷ್ಟೇ 2 ಡಿಗ್ರಿ ಇಳಿಸಿ, ಲಾಗ್ ನೋಡಿ ಒಂದೊಂದೇ ಡಿಗ್ರಿ ವಾಪಸ್ ಕೊಡಿ. ಬೇಕಾಬಿಟ್ಟಿ ಇಳಿಸಿದರೆ ಎಕ್ಸಾಸ್ಟ್ ಕೆಂಪಗೆ ಕಾಯುತ್ತೆ. ಇನ್‌ಟೇಕ್ 50 ಡಿಗ್ರಿ ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ ಟೈಮಿಂಗ್ 1–2 ಡಿಗ್ರಿ ತಾನಾಗೇ ಇಳಿಯುವಂತೆ ಟ್ಯೂನರ್ ಕೈಲಿ ಹಾಕಿಸಿ.

ಪ್ಲಗ್ ಒಂದು ಹಂತ ತಣ್ಣನೆಯದು (ಬಿಸಿ ಬೇಗ ಬಿಟ್ಟುಕೊಡುವಂಥದ್ದು) ಹಾಕಿ. ಎನ್‌ಜಿಕೆಯಲ್ಲಿ 6 ಇದ್ದರೆ 7, ಗ್ಯಾಪ್ 0.65 ಮಿ.ಮೀ. ಇನ್‌ಟೇಕ್ ಪೈಪ್ ಒಳಗೆ ಆಯಿಲ್ ಜಿಡ್ಡಿದ್ದರೆ ಕ್ಯಾಚ್ ಕ್ಯಾನ್ (ಆಯಿಲ್ ಆವಿ ಹಿಡಿದಿಡುವ ಡಬ್ಬಿ) ಬೇಕೇ ಬೇಕು, ಆಯಿಲ್ ಸೇರಿದರೆ ಪೆಟ್ರೋಲ್‌ನ ಆಕ್ಟೇನ್ ಇಳಿಯುತ್ತೆ. ಇಷ್ಟಾದ ಮೇಲೂ ಘಾಟ್‌ನಲ್ಲಿ ತಾಪ 70 ದಾಟಿದರೆ ಹಳೇ ಪುಲ್ಲಿಯನ್ನೇ ಹಾಕಿಸಿಬಿಡಿ.