ರೇಡಿಯೊ ಪ್ರಬಂಧ ಅಂದರೆ ಏನು? ಬರೆದ ಲೇಖನವನ್ನು ಸುಮ್ನೆ ಓದಿಬಿಟ್ಟರೆ ಆಗಲ್ವಾ?

ಆಗಲ್ಲ. ರೇಡಿಯೊ ಪ್ರಬಂಧ ಅಂದರೆ ಕೇಳುವುದಕ್ಕೇ ಅಂತ ಬರೆದು, ರೇಡಿಯೊದಲ್ಲಿ ಓದಿ ಹೇಳುವ ಪ್ರಬಂಧ. ಪುಸ್ತಕದಲ್ಲಿ ಅರ್ಥ ಆಗದಿದ್ದರೆ ಹಿಂದಿನ ಸಾಲಿಗೆ ಕಣ್ಣು ಹಾಯಿಸಬಹುದು, ಆದರೆ ರೇಡಿಯೊ ಕೇಳುವವರು ಅದೇ ಹೊತ್ತಿಗೆ ಒಗ್ಗರಣೆ ಹಾಕುತ್ತಲೋ ಬಸ್ಸಿನಲ್ಲಿ ನಿಂತೋ ಇರುತ್ತಾರೆ, ತಪ್ಪಿದ ಮಾತು ತಪ್ಪಿದ್ದೇ.

ಹಾಗಾಗಿ ಕಿವಿಗೇ ಬರೆಯಬೇಕು. 'ನದಿ ದಂಡೆಯಲ್ಲಿರುವ, ನೂರು ವರ್ಷ ಹಳೆಯದಾದ, ಕೆಂಪು ಹೆಂಚಿನ ಮನೆಯೊಂದರಲ್ಲಿ' ಅಂತ ಕಾಗದದ ಮೇಲೆ ನಡೆಯುತ್ತದೆ. ಮೈಕಿನ ಮುಂದೆ ಅದು 'ನದಿ ದಂಡೆ. ಅಲ್ಲೊಂದು ಮನೆ. ಕೆಂಪು ಹೆಂಚು, ನೂರು ವರ್ಷ ಹಳೇದು' ಅಂತಾಗಬೇಕು. ಚಿತ್ರ ಒಂದೊಂದಾಗಿ ಬರಲಿ.

ಬಿಬಿಸಿ ರೇಡಿಯೊ 3ರ 'ದಿ ಎಸ್ಸೇ' ಕಾರ್ಯಕ್ರಮ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು ಕಾಲು ಗಂಟೆ, ಹೆಚ್ಚಾಗಿ ಒಂದೇ ದನಿ. ಕಲೆ, ಇತಿಹಾಸ, ಹಕ್ಕಿ, ಮರ, ಏನು ಬೇಕಾದರೂ ವಿಷಯ ಆಗಬಹುದು. ಎಷ್ಟೋ ಸಲ ಒಂದೇ ವಿಷಯವನ್ನು ಐದು ಕಂತಿನಲ್ಲಿ ಬೇರೆ ಬೇರೆ ಕಡೆಯಿಂದ ನೋಡುತ್ತಾರೆ. ಇಂಗ್ಲಿಷಿನಲ್ಲಿ ಕಾಲು ಗಂಟೆಗೆ ಎರಡು ಸಾವಿರ ಪದ ಸಾಕು, ಅದಕ್ಕಿಂತ ಜಾಸ್ತಿ ತುರುಕಿದರೆ ಓಡಿಕೊಂಡು ಓದಬೇಕಾಗುತ್ತದೆ.

ಈ ಕಲೆಯ ದೊಡ್ಡ ಹೆಸರು ಅಂದರೆ, ನನ್ನ ಪ್ರಕಾರ, ಅಮೆರಿಕದಿಂದ ಬಿಬಿಸಿಗೆ ಮಾತಾಡುತ್ತಿದ್ದ ಪತ್ರಕರ್ತ ಆಲಿಸ್ಟೇರ್ ಕುಕ್. ಅವರ ವಾರದ ಕಾರ್ಯಕ್ರಮ 'ಲೆಟರ್ ಫ್ರಮ್ ಅಮೆರಿಕ' 1946ರಲ್ಲಿ ಬರೀ 13 ವಾರಕ್ಕೆ ಅಂತ ಶುರುವಾಗಿ 2004ರವರೆಗೆ ನಡೆಯಿತು. 2,869 ಕಂತು! ಕೇಳಿದರೆ ಪಕ್ಕದ ಕುರ್ಚಿಯಲ್ಲಿ ಕೂತವರು ಹಾಗೇ ಮಾತಾಡಿದ ಹಾಗಿರುತ್ತದೆ, ಆದರೆ ಎಲ್ಲವೂ ಮೊದಲೇ ಟೈಪ್ ಮಾಡಿಟ್ಟುಕೊಂಡದ್ದು.

ನಮ್ಮಲ್ಲಿ ಆಕಾಶವಾಣಿಯ ಬೆಳಗಿನ 'ಚಿಂತನ' ಕೇಳಿದ್ದೀರಲ್ವಾ? ಅದೂ ಇದೇ ಜಾತಿ, ಗಾತ್ರ ಮಾತ್ರ ಚಿಕ್ಕದು. ನೀವು ಬರೆಯುವುದಾದರೆ ಜೋರಾಗಿ ಓದಿ ನೋಡಿ, ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ.